ಆಟಕ್ಕುಂಟು, ಲೆಕ್ಕಕ್ಕಿಲ್ಲದ ಮೂರು ಕ್ರೆಡಿಟ್

ಅಮೆರಿಕದಲ್ಲಿ ಕ್ಲಾಸಿಗೆ ಹೋಗದೆ, ಬರೀ ಪರೀಕ್ಷೆ ಬರೆದು ಕಾಲೇಜಿನ ಕ್ರೆಡಿಟ್ (ಡಿಗ್ರಿಗೆ ಲೆಕ್ಕವಾಗುವ ಅಂಕಮಾನ) ಗಳಿಸಲು ಕ್ಲೆಪ್ ಎನ್ನುವ ಪರೀಕ್ಷೆ ಇದೆ. ನನ್ನ ಮೊದಲ ಕ್ಲೆಪ್‌ನಲ್ಲಿ 58 ಬಂತು. 50 ಬಂದಿದ್ದರೂ ಸಾಕಿತ್ತು. ಆ ಖುಷಿಗೆ ಮನೆಯಲ್ಲಿ ಶ್ಯಾವಿಗೆ ಪಾಯಸ ಬೇರೆ ಮಾಡಿದೆ. ಎರಡು ವಾರ ಬಿಟ್ಟು ಕಾಲೇಜಿನ ಅಡ್ವೈಸರ್ ಹತ್ತಿರ ಹೋದರೆ, ಕ್ರೆಡಿಟ್ ಬಂದಿದೆ, ಆದರೆ ನಿಮ್ಮ ಡಿಗ್ರಿಯಲ್ಲಿ ಇದನ್ನು ಕೂರಿಸಲು ಜಾಗ ಇಲ್ಲ ಎಂದರು. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರಲ್ಲ, ಹಾಗಾಯಿತು ನನ್ನ ಕಥೆ.

ನಾನು ಶ್ರೀರಂಗಪಟ್ಟಣದವಳು. ಬಿಕಾಂ ಎರಡನೇ ವರ್ಷಕ್ಕೆ ಓದು ನಿಂತಿತು. ಮದುವೆಯಾಗಿ ಟೆಕ್ಸಾಸ್‌ನ ಅರ್ವಿಂಗ್‌ಗೆ ಬಂದೆ. 34ನೇ ವಯಸ್ಸಿಗೆ ಇಲ್ಲಿಯ ಕಮ್ಯುನಿಟಿ ಕಾಲೇಜಿಗೆ ಅಕೌಂಟಿಂಗ್ ಓದಲು ಸೇರಿದೆ. ಸೇರಿದ ಮೇಲೆ ಗೊತ್ತಾಯಿತು, ಇಲ್ಲಿ ಅಕೌಂಟೆಂಟ್ ಆಗಬೇಕಾದವರೂ ಇತಿಹಾಸ ಓದಲೇಬೇಕು. ಟೆಕ್ಸಾಸ್‌ನ ಸರ್ಕಾರಿ ಕಾಲೇಜುಗಳಲ್ಲಿ ಡಿಗ್ರಿ ಬೇಕಾದರೆ 6 ಕ್ರೆಡಿಟ್ ಅಮೆರಿಕದ ಇತಿಹಾಸ, 6 ಕ್ರೆಡಿಟ್ ಸರ್ಕಾರ ವ್ಯವಸ್ಥೆ. ರಾಜ್ಯದ ಕಾನೂನೇ ಹಾಗಿದೆ. ಒಂದು ಕೋರ್ಸಿಗೆ ಮೂರು ಕ್ರೆಡಿಟ್, ಅಂದರೆ ನಾಲ್ಕು ಕೋರ್ಸ್. ಮಗಳನ್ನು ಸ್ಕೂಲಿಗೆ ಬಿಟ್ಟು, ಅಡುಗೆ ಮುಗಿಸಿ, ಇದಕ್ಕೆಲ್ಲ ನಾಲ್ಕು ಸಲ ಕ್ಲಾಸಿಗೆ ಓಡಬೇಕಾ ಅನ್ನಿಸಿತು.

ಆಗ ಗೆಳತಿಯೊಬ್ಬಳು ಕ್ಲೆಪ್ ವಿಷಯ ಹೇಳಿದಳು. ಕಾಲೇಜ್ ಬೋರ್ಡ್ ಎನ್ನುವ ಸಂಸ್ಥೆ ನಡೆಸುವ ಪರೀಕ್ಷೆ. ಕ್ಲಾಸಿಗೆ ಹೋಗದೆ ಮನೆಯಲ್ಲೇ ಓದಿ, 90 ನಿಮಿಷ ಕಂಪ್ಯೂಟರ್ ಮುಂದೆ ಕೂತು ಬರೆದರೆ ಮೂರು ಕ್ರೆಡಿಟ್. ಫೀಸು ಸುಮಾರು 100 ಡಾಲರ್, ಪರೀಕ್ಷಾ ಸೆಂಟರಿನವರ ಫೀಸು ಬೇರೆ. ಅಂಕ 20ರಿಂದ 80ರವರೆಗೆ. 50 ಬಂದರೆ ಬಹಳಷ್ಟು ಕಾಲೇಜುಗಳು ಒಪ್ಪುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಫೇಲಾದರೆ ಮೂರು ತಿಂಗಳು ಕಾಯಬೇಕು.

ನಾನು ಮಾಡಿದ ತಪ್ಪು ಇಲ್ಲಿದೆ. ಇತಿಹಾಸದ ಪಟ್ಟಿಯಲ್ಲಿ ನನಗೆ ಚೆಂದ ಕಂಡಿದ್ದನ್ನು ಆರಿಸಿಕೊಂಡೆ. ವೆಸ್ಟರ್ನ್ ಸಿವಿಲೈಸೇಷನ್ ಒಂದನೇ ಭಾಗ. ಮೆಸೊಪೊಟೇಮಿಯಾದಿಂದ ಹಿಡಿದು 1648ರವರೆಗೆ. ಗ್ರೀಕರು, ರೋಮನ್ನರು, ಮಾರ್ಟಿನ್ ಲೂಥರ್. ಓದಲು ಮಜಾ ಇತ್ತು. ಆದರೆ ಕಾನೂನು ಕೇಳಿದ್ದು ಅಮೆರಿಕದ ಇತಿಹಾಸ! ಇದು ಎಲೆಕ್ಟಿವ್, ಅಂದರೆ ನಮ್ಮಿಷ್ಟಕ್ಕೆ ಆರಿಸುವ ವಿಷಯಗಳ ಸಾಲಿಗೆ ಹೋಯಿತು. ನನ್ನ ಡಿಗ್ರಿಯಲ್ಲಿ ಎಲೆಕ್ಟಿವ್ ಜಾಗ ಆಗಲೇ ತುಂಬಿತ್ತು. ಊರಲ್ಲಿ ಓದಿದ ಬಿಕಾಂ ವಿಷಯಗಳು ಬಂದು ಅಲ್ಲಿ ಕೂತಿದ್ದವು. ಕಾಲೇಜಿನವರನ್ನು ದೂರುವ ಹಾಗೂ ಇಲ್ಲ. ಯಾವ ಕ್ಲೆಪ್‌ಗೆ ಯಾವ ಕೋರ್ಸ್ ಎನ್ನುವ ಪಟ್ಟಿ ಅವರ ಕ್ಯಾಟಲಾಗ್‌ನಲ್ಲೇ ಇತ್ತು. ನಾನು ನೋಡಿರಲಿಲ್ಲ, ಅಷ್ಟೆ.

ಹಾಗಾಗಿ ಎರಡನೇ ಸಲ ಉಲ್ಟಾ ಹೋದೆ. ಮೊದಲು ಡಿಗ್ರಿಯಲ್ಲಿ ಖಾಲಿ ಇರುವ ಜಾಗ ನೋಡಿದೆ. ಆಮೇಲೆ ಕ್ಯಾಟಲಾಗಿನ ಪಟ್ಟಿ, ಕೊನೆಗೆ ಪರೀಕ್ಷೆ. ಮುಂದೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗುವ ಆಸೆ ಇದ್ದರೆ ಅಲ್ಲಿಯ ಪಟ್ಟಿಯನ್ನೂ ನೋಡಿ. ಇಬ್ಬರೂ ಒಂದೇ ಥರ ಲೆಕ್ಕ ಹಾಕುತ್ತಾರೆ ಅಂದುಕೊಳ್ಳಬೇಡಿ. ನಮ್ಮ ಕಾಲೇಜಿನ ಪಟ್ಟಿ ನೋಡಿದರೆ, ಅಮೆರಿಕನ್ ಗವರ್ನಮೆಂಟ್ ಕ್ಲೆಪ್ ಬರೆದರೆ ಕೇಂದ್ರ ಸರ್ಕಾರದ ಕೋರ್ಸಿಗೆ ಮಾತ್ರ ಕ್ಲಾಸು ತಪ್ಪುತ್ತದೆ. ಟೆಕ್ಸಾಸ್ ಸರ್ಕಾರದ ಕೋರ್ಸಿಗೆ ಕ್ಲೆಪ್ಪೇ ಇಲ್ಲ, ಕ್ಲಾಸಿಗೇ ಹೋಗಬೇಕು. ಇತಿಹಾಸದ್ದು ಎರಡು ಭಾಗ: ಮೊದಲನೆಯದು 1877ರವರೆಗೆ, ಎರಡನೆಯದು 1865ರಿಂದ ಈಚೆಗೆ. ನಾನು ಗವರ್ನಮೆಂಟ್ ಮತ್ತು ಇತಿಹಾಸದ ಮೊದಲ ಭಾಗ ಹಿಡಿದೆ.

ಗವರ್ನಮೆಂಟ್ ಸುಲಭ ಅಂದುಕೊಂಡಿದ್ದೆ. ನಮ್ಮದೂ ಸಂವಿಧಾನ, ಅವರದೂ ಸಂವಿಧಾನ, ಅಲ್ವಾ? ನಿಜವಾದ ತೊಂದರೆ ಶುರುವಾಗಿದ್ದೇ ಅಲ್ಲಿ. ಪ್ರತಿ ಪ್ರಶ್ನೆಗೂ ನನ್ನ ತಲೆಯಲ್ಲಿ ಎಸ್ಸೆಸ್ಸೆಲ್ಸಿ ಪೌರನೀತಿ ಉತ್ತರ ಕೊಡುತ್ತಿತ್ತು. ನಮ್ಮಲ್ಲಿ ಮಂತ್ರಿಯಾಗಲು ಸಂಸತ್ತಿನ ಸದಸ್ಯರಾಗಿರಬೇಕು, ಇಲ್ಲವೇ ಆರು ತಿಂಗಳೊಳಗೆ ಆಗಬೇಕು. ಇಲ್ಲಿ ಕಾಂಗ್ರೆಸ್ (ಇಲ್ಲಿಯ ಸಂಸತ್ತಿನ ಹೆಸರು) ಸದಸ್ಯರು ಮಂತ್ರಿಯಾಗಬೇಕಾದರೆ ಆ ಸೀಟು ಬಿಡಬೇಕು. ನಮ್ಮಲ್ಲಿ ಪಟ್ಟಿಗಳಲ್ಲಿ ಹೇಳದೆ ಉಳಿದ ಅಧಿಕಾರ ಕೇಂದ್ರಕ್ಕೆ. ಇಲ್ಲಿ ಹತ್ತನೇ ತಿದ್ದುಪಡಿಯ ಪ್ರಕಾರ ಅದು ರಾಜ್ಯಗಳಿಗೆ, ಇಲ್ಲವೇ ಜನರಿಗೆ. ಕೊನೆಗೆ ಒಂದು ನೋಟ್‌ಬುಕ್ಕಿನ ನಡುವೆ ಗೆರೆ ಎಳೆದೆ. ಎಡಕ್ಕೆ 'ಊರು', ಬಲಕ್ಕೆ 'ಇಲ್ಲಿ'. ಎರಡೂ ಬೇರೆ ಬೇರೆ ಆಗಿರುವ ಕಡೆ ಮಾತ್ರ ಬರೆದೆ. ಜರ್ನಲ್, ಲೆಡ್ಜರ್ ಬರೆದ ಕೈಗೆ ಇದು ಸಲೀಸಾಯಿತು.

ನನ್ನನ್ನು ಜಾಸ್ತಿ ಕಾಡಿದ್ದು ಹಕ್ಕುಗಳ ವಿಷಯ. ನಮ್ಮ ಮೂಲಭೂತ ಹಕ್ಕುಗಳು ಮೊದಲ ದಿನದಿಂದಲೇ ಕೇಂದ್ರವನ್ನೂ ಕಟ್ಟಿಹಾಕಿದವು, ರಾಜ್ಯಗಳನ್ನೂ ಕಟ್ಟಿಹಾಕಿದವು. ಇಲ್ಲಿ ಹಾಗಲ್ಲ. ಮೊದಲ ಹತ್ತು ತಿದ್ದುಪಡಿಗಳು ಕೇಂದ್ರ ಸರ್ಕಾರಕ್ಕೆ ಮಾತ್ರ ಅನ್ವಯ ಎಂದು 1833ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. 1868ರಲ್ಲಿ ಹದಿನಾಲ್ಕನೇ ತಿದ್ದುಪಡಿ ಬಂತು. ಅದರ ಮೂಲಕ ಒಂದೊಂದೇ ಹಕ್ಕನ್ನು, ಒಂದೊಂದೇ ಕೇಸಿನಲ್ಲಿ, ಕೋರ್ಟು ರಾಜ್ಯಗಳಿಗೂ ದಾಟಿಸುತ್ತಾ ಬಂತು. ಬಡ ಆರೋಪಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು ಎನ್ನುವುದು ರಾಜ್ಯಗಳ ಕೋರ್ಟುಗಳಿಗೂ ಬಂದಿದ್ದು 1963ರಲ್ಲಿ, ಗಿಡಿಯನ್ ಕೇಸಿನಿಂದ. ಹೀಗೆ ಒಂದೊಂದಾಗಿ ದಾಟಿಸುವುದಕ್ಕೆ 'ಸೆಲೆಕ್ಟಿವ್ ಇನ್‌ಕಾರ್ಪೊರೇಷನ್' ಎಂದು ಹೆಸರು. ಹೆಸರು ಬಾಯಿಪಾಠ ಮಾಡಿದರೆ ಏನೂ ಉಪಯೋಗವಿಲ್ಲ. ಈ ಕಥೆ ಗೊತ್ತಿದ್ದರೆ ಅರ್ಧ ಡಜನ್ ಕೇಸುಗಳು ತಾವಾಗೇ ನೆನಪಿನಲ್ಲಿ ನಿಲ್ಲುತ್ತವೆ.

ಕೇಸುಗಳ ಮೇಲೆ ಮೋಹ ಹತ್ತಿದರೂ ಕಷ್ಟ. ಪಠ್ಯದ ವಿವರದಲ್ಲಿ ಅಧ್ಯಕ್ಷ, ಕಾಂಗ್ರೆಸ್, ಅಧಿಕಾರಿಶಾಹಿಗೆ ಶೇ 30ರಿಂದ 35ರಷ್ಟು ಪಾಲಿದೆ. ಕೋರ್ಟು ಮತ್ತು ಹಕ್ಕುಗಳದ್ದು ಅದರ ಅರ್ಧದಷ್ಟು. ಒಂದು ಮಸೂದೆ ಯಾವ ಕಮಿಟಿಯಲ್ಲಿ ಸಾಯುತ್ತದೆ, ಸೆನೆಟ್‌ನಲ್ಲಿ ಎಳೆದಾಡುವ ಮಾತು ನಿಲ್ಲಿಸಲು 60 ಓಟು ಯಾಕೆ ಬೇಕು, ಇಂಥವಕ್ಕೆ ಜಾಸ್ತಿ ಸಮಯ ಕೊಡಿ. ನಾನು ಮಾಡರ್ನ್ ಸ್ಟೇಟ್ಸ್ ಎನ್ನುವ ಸಂಸ್ಥೆಯ ಉಚಿತ ವಿಡಿಯೋ ಪಾಠಗಳನ್ನು ಪಾತ್ರೆ ತೊಳೆಯುತ್ತಾ ಕೇಳಿದೆ. ಕೋರ್ಸ್ ಮುಗಿಸಿದ್ದಕ್ಕೆ ಅವರು ಕೊಟ್ಟ ವೋಚರ್‌ನಿಂದ ಪರೀಕ್ಷೆ ಫೀಸೂ ಉಳಿಯಿತು. ಓದಲು ಓಪನ್‌ಸ್ಟ್ಯಾಕ್ಸ್‌ನ ಉಚಿತ ಪುಸ್ತಕ. ಏಳು ವಾರ ಹಿಡಿಯಿತು. 63 ಬಂತು.

ಇತಿಹಾಸಕ್ಕೆ ನಮ್ಮೂರೇ ನೆರವಿಗೆ ಬಂತು. ಯಾರ್ಕ್‌ಟೌನ್‌ನಲ್ಲಿ 1781ರಲ್ಲಿ ವಾಷಿಂಗ್ಟನ್ ಸೈನ್ಯಕ್ಕೆ ಶರಣಾದವನ ಹೆಸರು ಓದಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಕಾರ್ನ್‌ವಾಲಿಸ್! 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡ ಅದೇ ಕಾರ್ನ್‌ವಾಲಿಸ್. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಓಹೋ, ಅಲ್ಲಿ ಸೋತಿದ್ದನ್ನ ಇಲ್ಲಿ ಬಂದು ನಮ್ಮ ಮೇಲೆ ತೀರಿಸ್ಕೊಂಡ್ನಾ!" ಎಂದರು. ಬಾಸ್ಟನ್‌ನಲ್ಲಿ 1773ರಲ್ಲಿ ನೀರಿಗೆಸೆದ ಟೀ ಕೂಡ ಈಸ್ಟ್ ಇಂಡಿಯಾ ಕಂಪನಿಯದ್ದೇ. ಹೀಗೆ ಗುರುತಿನವರು ಸಿಕ್ಕ ಮೇಲೆ ಇಸವಿಗಳ ಭಯ ಹೋಯಿತು.

ಹೋದದ್ದೇ ಜಾಸ್ತಿಯಾಯಿತೇನೋ. ಈ ಖುಷಿಯಲ್ಲಿ ಮೂರು ವಾರ ವಸಾಹತುಗಳಲ್ಲೇ ಸುತ್ತಾಡಿದೆ. ಆಮೇಲೆ ಪಠ್ಯದ ವಿವರ ನೋಡಿದರೆ ಮೂರನೇ ಎರಡು ಭಾಗ ಪ್ರಶ್ನೆಗಳು 1790ರಿಂದ 1877ರವರೆಗಿನ ಕಾಲದವು. ಅಂದರೆ ಗುಲಾಮಗಿರಿ, ಹೊಸ ರಾಜ್ಯಗಳು, ಅಂತರ್ಯುದ್ಧ, ಆಮೇಲೆ ದಕ್ಷಿಣವನ್ನು ಮತ್ತೆ ಕಟ್ಟಿ ಸೇರಿಸಿಕೊಂಡ ರಿಕನ್‌ಸ್ಟ್ರಕ್ಷನ್.

ಈ ಭಾಗವನ್ನು ನಾನು ಅಣ್ಣತಮ್ಮಂದಿರ ಜಮೀನಿನ ಪಾಲಿನ ಜಗಳದ ಹಾಗೆ ಓದಿದೆ. ಹೊಸ ತುಂಡು ಜಮೀನು ಕೈಗೆ ಬಂದಾಗಲೆಲ್ಲ ಅದೇ ಪ್ರಶ್ನೆ: ಇಲ್ಲಿ ಗುಲಾಮರನ್ನು ಇಟ್ಟುಕೊಳ್ಳಬಹುದೋ ಇಲ್ಲವೋ? 1820ರ ಒಪ್ಪಂದದಂತೆ ಮಿಸ್ಸೌರಿ ಗುಲಾಮಗಿರಿ ಇರುವ ರಾಜ್ಯವಾಯಿತು, ಮೇನ್ ಇಲ್ಲದ ರಾಜ್ಯವಾಯಿತು, ಸೆನೆಟ್ ತಕ್ಕಡಿ ಸಮ. ಇನ್ನು ಇದರ ಉತ್ತರಕ್ಕೆ ಗುಲಾಮಗಿರಿ ಬೇಡ ಎಂದು ಭೂಪಟದ ಮೇಲೊಂದು ಬೇಲಿಯನ್ನೂ ಎಳೆದರು. 1850ರಲ್ಲಿ ಕ್ಯಾಲಿಫೋರ್ನಿಯಾ ಬಂದು ತಕ್ಕಡಿ ವಾಲಿತು. ಅದಕ್ಕೆ ಬದಲಾಗಿ ದಕ್ಷಿಣದವರಿಗೆ, ಓಡಿಹೋದ ಗುಲಾಮರನ್ನು ಹಿಡಿದು ತರುವ ಬಿಗಿ ಕಾನೂನು ಸಿಕ್ಕಿತು. 1854ರಲ್ಲಿ ಕಾನ್ಸಸ್, ನೆಬ್ರಾಸ್ಕಗಳಲ್ಲಿ ಜನರೇ ತೀರ್ಮಾನಿಸಲಿ ಎಂದು ಆ ಬೇಲಿ ಕಿತ್ತರು. 1857ರ ಡ್ರೆಡ್ ಸ್ಕಾಟ್ ತೀರ್ಪು, ಬೇಲಿ ಹಾಕುವ ಅಧಿಕಾರವೇ ಕಾಂಗ್ರೆಸ್‌ಗೆ ಇರಲಿಲ್ಲ ಎಂದಿತು. 1860ರಲ್ಲಿ ಲಿಂಕನ್ ಗೆದ್ದರು, ದಕ್ಷಿಣದವರು ಒಕ್ಕೂಟದ ಮನೆ ಬಿಟ್ಟು ಹೊರಟರು. ಈ ಜಗಳದಲ್ಲಿ ಹಂಚಿಕೆಯಾಗುತ್ತಿದ್ದುದು ಮನುಷ್ಯರು ಎನ್ನುವುದು ಓದುತ್ತಾ ಹೋದಂತೆ ಗಂಟಲಿಗೆ ಕಟ್ಟುತ್ತಿತ್ತು.

ಈ ಇಸವಿಗಳ ಸಾಲನ್ನು ಬರೆದು ಫ್ರಿಜ್ ಮೇಲೆ ಅಂಟಿಸಿದ್ದೆ. "ರೀ, ಅದನ್ನ ಕೀಳಬೇಡಿ" ಎಂದು ಮನೆಯವರಿಗೆ ದಿನಾ ಹೇಳುವುದೇ ಕೆಲಸವಾಗಿತ್ತು.

ಇತಿಹಾಸದಲ್ಲಿ ಸುಮಾರು 120 ಪ್ರಶ್ನೆ, ಸಮಯ ಅದೇ 90 ನಿಮಿಷ. ಒಂದಕ್ಕೆ 45 ಸೆಕೆಂಡ್. ಗೊತ್ತಿಲ್ಲದ್ದಕ್ಕೂ ಏನಾದರೊಂದು ಉತ್ತರ ಒತ್ತಿ, ಮತ್ತೆ ನೋಡಲು ಮಾರ್ಕ್ ಮಾಡಿ ಮುಂದೆ ಹೋದೆ. ಕೊನೆಗೆ ಹನ್ನೊಂದು ನಿಮಿಷ ಉಳಿದಿತ್ತು. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಮೂರು ಸಲ ಪೂರ್ತಿ ಬರೆದು ನೋಡಿದ್ದು ಕೆಲಸಕ್ಕೆ ಬಂತು. ಮುಗಿಸಿದ ತಕ್ಷಣ ಪರದೆಯ ಮೇಲೆ ಅಂಕ ಬರುತ್ತದೆ: 57. ಅಂಕವನ್ನು ಯಾವ ಕಾಲೇಜಿಗೆ ಕಳಿಸಬೇಕು ಎಂದು ಪರೀಕ್ಷೆಯ ಹೊತ್ತಿಗೇ ಹೇಳಿಬಿಡಿ. ಆಗ ಪುಕ್ಕಟೆ, ಆಮೇಲಾದರೆ ದುಡ್ಡು.

ಹೈಸ್ಕೂಲಿನ ಮಕ್ಕಳಿದ್ದರೆ ಅವರಿಗೆ ಕಾಲೇಜಿನ ಕ್ರೆಡಿಟ್ ಗಳಿಸಲು ಎಪಿ ಎನ್ನುವ ಪರೀಕ್ಷೆ ಇದೆ. ಅದರಲ್ಲಿ ಪ್ರಬಂಧವನ್ನೂ ಬರೆಯಬೇಕು, ಅದು ಬೇರೆಯೇ ಓದು.

ಇತಿಹಾಸದ ಎರಡನೇ ಭಾಗವನ್ನು ಕ್ಲೆಪ್‌ನಲ್ಲಿ ಮುಗಿಸಬಹುದಿತ್ತು. ಬೇಡ ಎನ್ನಿಸಿತು. ಕ್ಲೆಪ್‌ನಿಂದ ಕ್ರೆಡಿಟ್ ಸಿಗುತ್ತದೆ, ನಮ್ಮ ಕಾಲೇಜಿನಲ್ಲಿ ಅದು ಜಿಪಿಎಗೆ (ಗ್ರೇಡುಗಳ ಸರಾಸರಿಗೆ) ಸೇರುವುದಿಲ್ಲ. ನನಗೆ ಜಿಪಿಎ ಬೇಕಿತ್ತು. ಜೊತೆಗೆ ಇಂಗ್ಲಿಷಿನಲ್ಲಿ ಉದ್ದದ ಉತ್ತರ ಬರೆಯುವ ಅಭ್ಯಾಸವೂ ಬೇಕಿತ್ತು. ಈಗ ಮಂಗಳವಾರ, ಗುರುವಾರ ಸಂಜೆ ಕ್ಲಾಸಿಗೆ ಹೋಗುತ್ತಿದ್ದೇನೆ. ಮುಂದಿನ ಸೆಮಿಸ್ಟರ್‌ಗೆ ಟೆಕ್ಸಾಸ್ ಸರ್ಕಾರ. ಡಿಗ್ರಿ ಪಟ್ಟಿಯಲ್ಲಿ ಗವರ್ನಮೆಂಟ್ ಮತ್ತು ಇತಿಹಾಸದ ಒಂದೊಂದು ಸಾಲು ಹಸಿರಾಗಿದೆ. ಕೊನೆಯ ಪುಟದ ಅಡಿಯಲ್ಲಿ, 'ಹೆಚ್ಚುವರಿ' ಅಂತ ಇರುವ ಕಡೆ, ರೋಮನ್ನರು ಇನ್ನೂ ಸುಮ್ನೆ ಕೂತಿದ್ದಾರೆ.