ಪ್ರೆಶರ್ ಹೊಡೆಯುವ ಮೊದಲು ನೀರಿನ ದಾರಿ ನೋಡಿ: ಮಂಗಳೂರಿನ ಕಟ್ಟಡ ತೊಳೆಯುವ ನನ್ನ ಅನುಭವ

ಮಳೆ ನಿಂತು ದೀಪಾವಳಿ ಹತ್ತಿರ ಬಂತೆಂದರೆ ನನ್ನ ಫೋನ್‌ಗೆ ಬಿಡುವಿರುವುದಿಲ್ಲ. ಅಂಗಡಿ ಕಾಂಪ್ಲೆಕ್ಸ್‌ನವರು, ಆಸ್ಪತ್ರೆಯ ಮೇಂಟೆನೆನ್ಸ್‌ನವರು, ಹೋಟೆಲಿನವರು, ಎಲ್ಲರದ್ದೂ ಒಂದೇ ಮಾತು: "ಗೋಡೆ ಎಲ್ಲ ಕಪ್ಪಾಗಿದೆ, ಒಮ್ಮೆ ಪ್ರೆಶರ್ ಹೊಡೆದು ಕೊಡಿ." ಪ್ರೆಶರ್ ಅಂದರೆ ಮೆಷಿನ್‌ನಿಂದ ಜೋರಾಗಿ ಚಿಮ್ಮಿಸುವ ನೀರು. ಹೊಡೆದರೆ ಗೋಡೆ ಬೆಳ್ಳಗಾಗುತ್ತದೆ, ಅದರಲ್ಲಿ ಸಂಶಯ ಇಲ್ಲ. ಆದರೆ ಮುಂದಿನ ಆಟಿ ತಿಂಗಳು (ಜುಲೈ-ಆಗಸ್ಟ್‌ನ ತುಳು ತಿಂಗಳು) ಬರುವಷ್ಟರಲ್ಲಿ ಅದೇ ಜಾಗದಲ್ಲಿ ಅದೇ ಪಟ್ಟೆ ಮತ್ತೆ ಇಳಿದಿರುತ್ತದೆ. ಹಾಗಾಗಿ ನಾನು ಮೆಷಿನ್ ಇಳಿಸುವ ಮೊದಲು ಕಟ್ಟಡಕ್ಕೆ ಒಂದು ಸುತ್ತು ಹಾಕುತ್ತೇನೆ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಇಳಿಯುತ್ತದೆ, ಅದನ್ನು ನೋಡಿದ ಮೇಲೆಯೇ ಮುಂದಿನ ಮಾತು.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಉಡುಪಿಯಲ್ಲಿ ಇನ್ನೂ ಜಾಸ್ತಿ, 4,000 ದಾಟುತ್ತದೆ. ಅದರ ಮುಕ್ಕಾಲಿಗಿಂತ ಹೆಚ್ಚು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಗೋಡೆ ಪೂರ್ತಿ ಒಣಗುವುದೇ ಇಲ್ಲ. ಮಳೆ ಬಿಟ್ಟರೂ ಸಮುದ್ರದ ತೇವದ ಗಾಳಿ ಇದ್ದೇ ಇರುತ್ತದೆ. ನಾವು ಕೊಳೆ ಅನ್ನುವ ಆ ಕಪ್ಪು ಕಲೆ ಧೂಳಲ್ಲ. ಬಹುಪಾಲು ಜೀವ ಇರುವಂಥದ್ದು: ಹಸಿರು ಪಾಚಿ, ಕಪ್ಪು ಬಣ್ಣದ ಸಯನೋಬ್ಯಾಕ್ಟೀರಿಯಾ, ಬೂಷ್ಟು, ಹಳೆಯ ಹಂಚಿನ ಮೇಲೆ ಕಲ್ಲುಹೂವು. ಬೇಸಿಗೆಯಲ್ಲಿ ಒಣಗಿ ಸತ್ತ ಹಾಗೆ ಕಾಣುತ್ತದೆ, ನಾಲ್ಕು ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಪ್ರೆಶರ್ ಅದರ ಮೇಲಿನ ಪದರವನ್ನು ಹಾರಿಸುತ್ತದೆ ಅಷ್ಟೇ. ಪ್ಲಾಸ್ಟರಿನ ಸಣ್ಣ ತೂತುಗಳ ಒಳಗೆ ಕೂತದ್ದು ಅಲ್ಲೇ ಉಳಿಯುತ್ತದೆ.

ಕಂಕನಾಡಿ ಕಡೆಯ ಒಂದು ಅಂಗಡಿ ಕಟ್ಟಡದ ಮಾತು ಹೇಳುತ್ತೇನೆ. ಪ್ರತಿ ವರ್ಷ ತೊಳೆಸುತ್ತಿದ್ದರು, ಪ್ರತಿ ವರ್ಷ ಕಿಟಕಿಗಳ ಕೆಳಗೆ ಕಪ್ಪು ಬರುತ್ತಿತ್ತು. ಜೋರು ಮಳೆ ಇರುವಾಗಲೇ ಹೋಗಿ ಕೊಡೆ ಹಿಡಿದು ನಿಂತು ನೋಡಿದೆ. ಸನ್‌ಶೇಡಿನ ಅಂಚಿಗೆ ಬಂದ ನೀರು ಕೆಳಗೆ ಬೀಳುತ್ತಿರಲಿಲ್ಲ. ಅಂಚಿನಲ್ಲಿ ತಿರುಗಿ ಸ್ಲ್ಯಾಬಿನ ಅಡಿಮೈಗೆ ಅಂಟಿಕೊಂಡು, ಒಳಕ್ಕೆ ಹರಿದು, ಗೋಡೆ ಸಿಕ್ಕಿದ ಕೂಡಲೇ ಅದರ ಮೇಲೆ ಇಳಿಯುತ್ತಿತ್ತು. ಸನ್‌ಶೇಡಿನ ಅಡಿಯಲ್ಲಿ ಅಂಚಿಗೆ ಹತ್ತಿರ ಒಂದು ಉದ್ದ ಗೀರು, ಅಂದರೆ ಡ್ರಿಪ್ ಗ್ರೂವ್, ಇರಬೇಕಿತ್ತು. ಹಳೆಯ ಕಟ್ಟಡ, ಮತ್ತೆ ಮತ್ತೆ ಪ್ಲಾಸ್ಟರ್ ಹಚ್ಚಿ ಅದು ಮುಚ್ಚಿಹೋಗಿತ್ತು. ಮೇಸ್ತ್ರಿಯನ್ನು ಕರೆಸಿ ಕಟ್ಟರ್‌ನಲ್ಲಿ ಬೆರಳು ಅಗಲದ ಗೀರು ಹೊಸದಾಗಿ ಹೊಡೆಸಿದೆವು. ಈಗ ಹನಿ ಆ ಗೀರಿನ ಹತ್ತಿರ ಬಂದು ಅಲ್ಲೇ ಕೆಳಗೆ ಬೀಳುತ್ತದೆ. ಆ ಗೋಡೆಗೆ ವರ್ಷ ವರ್ಷ ತೊಳೆಯುವ ಅಗತ್ಯವೇ ಇಲ್ಲವಾಯಿತು. ನನಗೆ ಒಂದು ಕೆಲಸ ಕಮ್ಮಿಯಾಯಿತು ನಿಜ, ಆದರೆ ಆ ಮಾಲೀಕರ ಉಳಿದ ಕಟ್ಟಡಗಳೆಲ್ಲ ಈಗ ನನ್ನ ಕೈಯಲ್ಲೇ ಇವೆ.

ಇಂಥ ದಾರಿಗಳು ಸುಮಾರು ಇರುತ್ತವೆ. ಎಸಿಯ ನೀರು ಹೊರಗೆ ಹೋಗುವ ಸಣ್ಣ ಪೈಪನ್ನು ಗೋಡೆಗೇ ಬಿಟ್ಟಿರುತ್ತಾರೆ, ಅದರ ಕೆಳಗೆ ಬೇಸಿಗೆಯಲ್ಲೂ ಹಸಿರು ಪಟ್ಟೆ. ಟೆರೇಸಿನ ನೀರು ಹೊರಗೆ ಹೋಗುವ ತೂತಿಗೆ ಎಲೆ ಕಟ್ಟಿ, ನೀರು ಪ್ಯಾರಪೆಟ್ ಬುಡದಿಂದ ಒಸರುತ್ತದೆ. ಪೈಪಿನ ಜಾಯಿಂಟ್ ಬಿಟ್ಟ ಕಡೆ ಗೋಳಿ ಗಿಡ, ಅಶ್ವತ್ಥದ ಗಿಡ ಎದ್ದಿರುತ್ತದೆ. ಅದನ್ನು ಮೇಲೆ ಕತ್ತರಿಸಿದರೆ ಪ್ರಯೋಜನ ಇಲ್ಲ. ಬೇರು ಬಿಡಿಸಿ ಬಿರುಕು ಮುಚ್ಚಬೇಕು. ಇನ್ನು ಗೋಡೆಯ ಕೆಳಗಿನ ಎರಡು ಅಡಿ ಕೆಂಪಾಗಿದ್ದರೆ ಅದು ಪಾಚಿಯಲ್ಲ, ನಮ್ಮ ಕೆಂಪು ಮಣ್ಣು. ಸೂರಿನ ನೀರು ನೆಲಕ್ಕೆ ಬಿದ್ದು ಚಿಮ್ಮಿದ್ದು. ನೀರು ಬೀಳುವ ಜಾಗದಲ್ಲಿ ಒಂದೂವರೆ ಅಡಿ ಅಗಲಕ್ಕೆ ಜಲ್ಲಿ ಹಾಸಿದರೆ ಸಾಕು, ಮಣ್ಣು ಚಿಮ್ಮುವುದು ನಿಲ್ಲುತ್ತದೆ.

ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಪಡುವಣದ ಗೋಡೆಗೆ ಮಳೆಯ ಹೊಡೆತ ಜಾಸ್ತಿ, ಆದರೆ ಮಳೆ ಬಿಟ್ಟ ಮೇಲೆ ಮಧ್ಯಾಹ್ನದ ಬಿಸಿಲು ಅದನ್ನು ಒಣಗಿಸುತ್ತದೆ. ಸೂರ್ಯ ದಕ್ಷಿಣಕ್ಕೆ ವಾಲಿದ ಮೇಲೆ ಬಡಗು ಗೋಡೆಗೆ ನೇರ ಬಿಸಿಲೇ ಇಲ್ಲ. ನವೆಂಬರ್‌ನಲ್ಲಿ ಮುಟ್ಟಿದರೂ ಅದು ತಣ್ಣಗೆ ಇರುತ್ತದೆ. ಎರಡು ಕಟ್ಟಡಗಳ ನಡುವಿನ ಓಣಿಯ ಗೋಡೆಯ ಕಥೆಯೂ ಅದೇ. ಹಾಗಾಗಿ ನಾಲ್ಕೂ ಗೋಡೆಗೆ ಒಂದೇ ರೇಟು, ಒಂದೇ ಮದ್ದು ಎಂದು ನಾನು ಕೊಟೇಶನ್ ಕೊಡುವುದಿಲ್ಲ.

ಈಗ ತೊಳೆಯುವ ಕ್ರಮಕ್ಕೆ ಬರುತ್ತೇನೆ. ಮೊದಲು ಪಾಚಿಯನ್ನು ಸಾಯಿಸಬೇಕು, ಆಮೇಲೆ ತೊಳೆಯಬೇಕು. ನಾನು ಬಳಸುವುದು ಸೋಡಿಯಂ ಹೈಪೋಕ್ಲೋರೈಟ್. ಕ್ಯಾನ್‌ನಲ್ಲಿ ಸಿಗುವುದು ಸಾಮಾನ್ಯವಾಗಿ 10ರಿಂದ 12 ಶೇಕಡಾ. ಬಿಸಿಲಿಗೆ, ಸೆಕೆಗೆ ಇಟ್ಟರೆ ಅದರ ಶಕ್ತಿ ಇಳಿಯುತ್ತದೆ. ಅದಕ್ಕೇ ಒಟ್ಟಿಗೆ ತಂದು ಗೋಡೌನ್ ತುಂಬಿಸಬಾರದು. ಪೇಂಟ್ ಇರುವ ಗೋಡೆಗೆ ಒಂದು ಪಾಲಿಗೆ ಐದು ಪಾಲು ನೀರು, ಅಂದರೆ ಹತ್ತಿರ ಹತ್ತಿರ 2 ಶೇಕಡಾ. ಸ್ವಲ್ಪ ಲಿಕ್ವಿಡ್ ಸೋಪು ಸೇರಿಸಿದರೆ ಮದ್ದು ಜಾರಿ ಹೋಗದೆ ಗೋಡೆಗೆ ಹಿಡಿದು ನಿಲ್ಲುತ್ತದೆ. ಗಾರ್ಡನ್ ಸ್ಪ್ರೇಯರ್‌ನಲ್ಲಿ ಕೆಳಗಿನಿಂದ ಮೇಲಕ್ಕೆ ಸಿಂಪಡಿಸುತ್ತೇವೆ. ಮೇಲಿನಿಂದ ಶುರು ಮಾಡಿದರೆ ಒಣ ಗೋಡೆಯ ಮೇಲೆ ಮದ್ದು ಗೆರೆ ಗೆರೆಯಾಗಿ ಇಳಿದು ಆ ಗೆರೆ ಉಳಿದುಬಿಡುತ್ತದೆ. ಹತ್ತು ಹದಿನೈದು ನಿಮಿಷ ಬಿಡಬೇಕು, ಒಣಗಲು ಬಿಡಬಾರದು. ಕಪ್ಪು ಇದ್ದದ್ದು ಕಂದು ಬಣ್ಣಕ್ಕೆ ತಿರುಗಿ, ಆಮೇಲೆ ಮಾಸುವುದು ಕಣ್ಣೆದುರೇ ಕಾಣುತ್ತದೆ. ಆಗ ಮೇಲಿನಿಂದ ಕೆಳಕ್ಕೆ ಸಣ್ಣ ಒತ್ತಡದ ನೀರಲ್ಲಿ ತೊಳೆದರೆ ಆಯಿತು. ಜೋರು ಪ್ರೆಶರ್ ಯಾಕೆ ಬೇಕು, ಅಲ್ವಾ?

ನಮ್ಮೂರಿನ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳೆ ರೋಗ ಬರುವ ಮೊದಲೇ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ, ಬಂದ ಮೇಲೆ ಓಡುವುದಿಲ್ಲ. ಗೋಡೆಗೂ ಹಾಗೆಯೇ, ಕಪ್ಪು ದಪ್ಪವಾಗುವ ಮೊದಲು ತೆಳು ಮದ್ದು ಸಾಕು.

ಹೈಪೋದ ಜೊತೆ ಕೆಲವು ಎಚ್ಚರಿಕೆ ಇಲ್ಲದೆ ನಡೆಯುವುದಿಲ್ಲ. ಆಸಿಡ್ ಜೊತೆ ಅದು ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ನಾವು ಬೆರೆಸುವುದಿಲ್ಲ, ಸರಿ. ಆದರೆ ಅದೇ ಹೊತ್ತಿಗೆ ಒಳಗಿನ ಹೌಸ್‌ಕೀಪಿಂಗ್‌ನವರು ಟಾಯ್ಲೆಟ್‌ಗೆ ಆಸಿಡ್ ಹಾಕಿ ತೊಳೆಯುತ್ತಿರಬಹುದು, ಎರಡೂ ನೀರು ಹೋಗುವುದು ಒಂದೇ ಚರಂಡಿಗೆ. ಹಾಗಾಗಿ ಬೆಳಿಗ್ಗೆ ಮೊದಲು ಅವರ ಸೂಪರ್‌ವೈಸರ್ ಹತ್ತಿರ ಮಾತಾಡಿ, ಆ ದಿನ ಆಸಿಡ್ ಮುಟ್ಟಬೇಡಿ ಎಂದು ಹೇಳಿಯೇ ಕೆಲಸ ಶುರು. ತುಕ್ಕಿನ ಕಲೆಗೆ ಆಕ್ಸಾಲಿಕ್ ಆಸಿಡ್ ಬೇಕಾದರೆ ಅದಕ್ಕೆ ಬೇರೆ ದಿನ. ನಮ್ಮ ಕಂಪೌಂಡುಗಳಲ್ಲಿ ತೆರೆದ ಬಾವಿ ಇರುತ್ತದೆ, ಮಳೆನೀರು ಇಂಗುಗುಂಡಿ ಇರುತ್ತದೆ. ಮದ್ದಿನ ನೀರು ಅತ್ತ ಹೋಗದ ಹಾಗೆ ಮರಳಿನ ಚೀಲ ಅಡ್ಡ ಇಡುತ್ತೇವೆ. ಗಿಡಗಳಿಗೆ ಮೊದಲೂ ನೀರು, ಆಮೇಲೂ ನೀರು. ಆಸ್ಪತ್ರೆಯಾದರೆ ಹೊರಗಿನ ಗಾಳಿ ಎಳೆಯುವ ಎಸಿ ಬಂದ್ ಮಾಡಿಸಿ, ಆ ಕಡೆಯ ವಾರ್ಡಿನ ಕಿಟಕಿ ಹಾಕಿಸದೆ ಸ್ಪ್ರೇಯರ್ ಎತ್ತುವುದೇ ಇಲ್ಲ.

ಇನ್ನು ಮುರಕಲ್ಲು, ಅಂದರೆ ಕರಾವಳಿಯ ಕೆಂಪು ಕಲ್ಲು (ಲ್ಯಾಟರೈಟ್). ಇದರ ವಿಷಯದಲ್ಲಿ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಪ್ಲಾಸ್ಟರ್ ಇಲ್ಲದ ಮುರಕಲ್ಲಿನ ಗೋಡೆ ಈಗ ಹೋಟೆಲು, ಕೆಫೆಗಳಲ್ಲಿ ಫ್ಯಾಶನ್. ಚಂದವೇ. ಆದರೆ ಅದು ಮೆತ್ತನೆಯ ಕಲ್ಲು, ತುಂಬ ತೂತು. ಹೊರಗೆ ಗಾಳಿಗೆ ಗಟ್ಟಿಯಾದ ಒಂದು ಮೈ ಇರುತ್ತದೆ, ಒಳಗೆ ಮಣ್ಣಿನಂಥ ಭಾಗ. ಬಿಜೈ ಕಡೆಯ ಒಂದು ಕಾಂಪೌಂಡ್ ಗೋಡೆಗೆ ಯಾರೋ ಮೊದಲು 150 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಮೆಷಿನ್‌ನಲ್ಲಿ ಹತ್ತಿರದಿಂದ ಹೊಡೆದಿದ್ದರು. ಗಟ್ಟಿ ಮೈ ಕಿತ್ತುಹೋಗಿ, ಕೈ ಇಟ್ಟರೆ ಕೆಂಪು ಪುಡಿ ಉದುರುತ್ತಿತ್ತು. ಗುಂಡಿಗಳಲ್ಲೆಲ್ಲ ನೀರು ನಿಂತು ಪಾಚಿ ಮೊದಲಿಗಿಂತ ದಪ್ಪ. ಅದನ್ನು ಸರಿ ಮಾಡುವ ದಾರಿಯೇ ಇಲ್ಲ, ಕಲ್ಲು ಬದಲಿಸಬೇಕು ಅಷ್ಟೇ. ಮುರಕಲ್ಲಿಗೆ ನಾನು ತೆಳು ಮದ್ದು, ಮೆತ್ತನೆಯ ಬ್ರಷ್, ತೋಟಕ್ಕೆ ಬಿಡುವ ಪೈಪಿನ ನೀರು ಮಾತ್ರ ಬಳಸುತ್ತೇನೆ. ಆಮೇಲೆ ಪೂರ್ತಿ ಒಣಗಿದ ಮೇಲೆ, ಉಸಿರಾಡಲು ಬಿಡುವ ಸೈಲೇನ್ ಜಾತಿಯ ಸೀಲರ್. ಹೊಳೆಯುವ ವಾರ್ನಿಶ್ ಹಚ್ಚಿದರೆ ಒಳಗಿನ ತೇವ ಹೊರಬರಲಾಗದೆ ಸಿಪ್ಪೆ ಏಳುತ್ತದೆ.

ಹಂಚಿನ ಮಾಡೂ (ಛಾವಣಿ) ಹಾಗೆಯೇ. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಊರು ಇದು, ಬಂದರಿನ ಹಳೆಯ ಗೋಡೌನುಗಳ ಮೇಲೆ ಇವತ್ತಿಗೂ ಒಳ್ಳೆಯ ಹಂಚು ಇದೆ. ಒಂದು ಹಂಚು ಇನ್ನೊಂದರ ಮೇಲೆ ಕೂರುವುದು ನೀರು ಇಳಿಜಾರಿಗೆ ಹರಿಯಲಿ ಎಂದು. ಕೆಳಗೆ ನಿಂತು ಮೇಲಕ್ಕೆ ಜೆಟ್ ಹೊಡೆದರೆ ನೀರು ಸಂದಿಯಿಂದ ನೇರ ಒಳಗಿನ ಸರಕಿನ ಮೇಲೆ. ಯಾವಾಗಲೂ ಮೇಲಿನಿಂದ ಕೆಳಕ್ಕೆ, ಪಕ್ಕಾಸಿನ (ಹಂಚು ಹೊರುವ ಮರದ ಪಟ್ಟಿ) ಮೇಲೆ ಹಲಗೆ ಹಾಕಿಕೊಂಡು, ಒದ್ದೆ ಹಂಚಿಗೆ ಕಾಲಿಡದೆ.

ಎಸಿಪಿ (ಗೋಡೆಯ ಹೊರಮೈಗೆ ಹಾಕುವ ಅಲ್ಯೂಮಿನಿಯಂ ಹಾಳೆ) ಮತ್ತು ಗಾಜಿಗೆ ಪಾಚಿಗಿಂತ ಉಪ್ಪು ಶತ್ರು. ಪಣಂಬೂರು, ಸುರತ್ಕಲ್ ಕಡೆಯ ಕಟ್ಟಡಗಳಲ್ಲಿ ಸ್ಕ್ರೂ, ಬ್ರಾಕೆಟ್ ಬೇಗ ತುಕ್ಕು ಹಿಡಿಯುತ್ತವೆ. ನ್ಯೂಟ್ರಲ್ ಸೋಪು, ಸಿಹಿನೀರು, ಉದ್ದ ಕೋಲಿನ ಬ್ರಷ್ ಸಾಕು. ಸಿಲಿಕೋನ್ ಜಾಯಿಂಟಿನ ಮೇಲೆ ಜೆಟ್ ಹೊಡೆಯಲೇಬಾರದು.

ಜೋರು ಪ್ರೆಶರ್‌ಗೆ ಜಾಗ ಇರುವುದು ನೆಲದಲ್ಲಿ: ಕಾಂಕ್ರೀಟು, ಪಾರ್ಕಿಂಗ್ ರ‍್ಯಾಂಪ್, ಇಂಟರ್‌ಲಾಕ್. ಅಲ್ಲಿ 150 ಬಾರ್ ಓಕೆ, ಹಸಿರು ನಾಝಲ್, ಅಂದರೆ 25 ಡಿಗ್ರಿಯದ್ದು. ಸೊನ್ನೆ ಡಿಗ್ರಿಯ ಕೆಂಪು ನಾಝಲ್ ಪೆಟ್ಟಿಗೆಯಲ್ಲೇ ಇರಲಿ. ಆ ಜೆಟ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇಂಟರ್‌ಲಾಕ್ ತೊಳೆದರೆ ಕಲ್ಲುಗಳ ನಡುವಿನ ಮರಳು ಹಾರಿಹೋಗುತ್ತದೆ. ಒಣಗಿದ ಮೇಲೆ ಸಣ್ಣ ಮರಳು ಗುಡಿಸಿ ತುಂಬದಿದ್ದರೆ ಕಾರಿನ ಭಾರಕ್ಕೆ ಕಲ್ಲು ಅಲುಗಾಡಲು ಶುರು. ಅದನ್ನು ನನ್ನ ಬಿಲ್ಲಿನಲ್ಲೇ ಸೇರಿಸುತ್ತೇನೆ.

ಮೆಟ್ಟಿಲು, ರ‍್ಯಾಂಪ್ ಮಾತ್ರ ಮಳೆಗಾಲದ ಮಧ್ಯದಲ್ಲೂ ಬಿಡುವ ಹಾಗಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಜಾರುವ ಅಂಗಳಕ್ಕೆ ಅಡಿಕೆ ಮರದ ಸಲಾಕೆ ಹಾಸಿ ನಡೆದಾಡುತ್ತಿದ್ದರು. ಬ್ಯಾಂಕಿನ ಎದುರು, ಕ್ಲಿನಿಕ್ಕಿನ ಎದುರು ಅದು ಆಗುವುದಿಲ್ಲ. ವಯಸ್ಸಾದವರು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಎಕ್ಸ್‌ರೇ ಕವರ್ ಹಿಡಿದು ಹತ್ತುವ ಮೆಟ್ಟಿಲು ಅದು. ಜುಲೈ, ಆಗಸ್ಟ್‌ನಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ ನಾವು ಬೇರೆ ಕೆಲಸ ಬಿಟ್ಟು ಮೆಟ್ಟಿಲುಗಳಿಗೆ ಓಡುತ್ತೇವೆ. ಪಾಲಿಶ್ ಗ್ರಾನೈಟ್ ಹಾಕಿದವರಿಗೆ, ಮುಂದಿನ ಸಲ ಫ್ಲೇಮ್ಡ್, ಅಂದರೆ ಬೆಂಕಿಯಲ್ಲಿ ಮೈ ಒರಟು ಮಾಡಿದ, ಗ್ರಾನೈಟ್ ಹಾಕಿಸಿ ಎಂದು ಕೇಳದಿದ್ದರೂ ಹೇಳುತ್ತೇನೆ.

ಕೆಲಸದ ದಿನ ಜೆಟ್ ಹತ್ತಿರ ಹೋಗುವ ಮೊದಲು ಕರೆಂಟ್ ನೋಡಬೇಕು. ಸೈನ್‌ಬೋರ್ಡ್, ಹೊರಗಿನ ಲೈಟ್, ಸಿಸಿಟಿವಿ, ಜನರೇಟರ್ ಪ್ಯಾನೆಲ್ ಬಂದ್ ಮಾಡಿ, ಮುಚ್ಚಿ, ಆಮೇಲೆ ನೀರು. ನಮ್ಮ ಮೆಷಿನ್‌ಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಇರುವ ಬೋರ್ಡಿನಿಂದಲೇ ಲೈನ್. ಎತ್ತರದ ಕೆಲಸಕ್ಕೆ ಫುಲ್ ಬಾಡಿ ಹಾರ್ನೆಸ್ ಇಲ್ಲದೆ ಒಬ್ಬನೂ ಹತ್ತುವುದಿಲ್ಲ. ಏಣಿಯ ಮೇಲೆ ನಿಂತು ಗನ್ ಒತ್ತಿದರೆ ಅದು ಹಿಂದಕ್ಕೆ ತಳ್ಳುತ್ತದೆ, ಆದ್ದರಿಂದ ಏಣಿಯಿಂದ ಜೆಟ್ ಹೊಡೆಯುವುದು ನಮ್ಮಲ್ಲಿ ಇಲ್ಲವೇ ಇಲ್ಲ.

ನೀರಿನ ಚಿಂತೆ ಬೇರೆ. ಮಳೆಗಾಲದ ಮೊದಲು, ಅಂದರೆ ಮೇ ತಿಂಗಳಲ್ಲಿ, ಎಲ್ಲರಿಗೂ ತೊಳೆಸಬೇಕು ಅನಿಸುತ್ತದೆ. ಆಗಲೇ ತುಂಬೆ ಡ್ಯಾಮಿನಲ್ಲಿ ನೇತ್ರಾವತಿ ನೀರು ಇಳಿದಿರುತ್ತದೆ. 2019ರ ಬೇಸಿಗೆಯಲ್ಲಿ ಮಂಗಳೂರಿನಲ್ಲಿ ನೀರಿಗೆ ರೇಷನ್ ಆದದ್ದು ನೆನಪಿದೆಯಲ್ಲ. ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ ನೀರು, ಅಲ್ಲೂ ಮೇ ಬಂದರೆ ಅದೇ ಪಾಡು. ಕುಡಿಯುವ ನೀರು ಇಲ್ಲದಾಗ ಗೋಡೆ ತೊಳೆಯುವುದು ಸರಿಯಲ್ಲ. ಹಾಗಾಗಿ ಮೇಯಲ್ಲಿ ನಾನು ಒಣ ಕೆಲಸ ಮಾತ್ರ ಮಾಡುತ್ತೇನೆ: ಟೆರೇಸ್ ಗುಡಿಸುವುದು, ಪೈಪು ಬಿಡಿಸುವುದು, ಗಿಡ ಕೀಳುವುದು, ಬಿರುಕು ಮುಚ್ಚಿಸುವುದು. ಗೋಡೆ ತೊಳೆಯುವುದು ನವೆಂಬರ್‌ನಲ್ಲಿ. ಬಾವಿಗಳಲ್ಲಿ ನೀರು ಮೇಲೆ ಇರುತ್ತದೆ, ಎದುರಿಗೆ ಬಿಸಿಲಿನ ತಿಂಗಳುಗಳಿವೆ, ಗೋಡೆ ಬೇಗ ಒಣಗುತ್ತದೆ.

ತೊಳೆದ ಮರುದಿನವೇ ಪೇಂಟರ್‌ನನ್ನು ಕರೆಯುವವರಿದ್ದಾರೆ. ನಾನು ತಡೆಯುತ್ತೇನೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ತೆಗೆಯುವಾಗ ಒಳಮೈಯಲ್ಲಿ ಹನಿ ಇದ್ದರೆ ಗೋಡೆಯ ಒಳಗೆ ಇನ್ನೂ ತೇವ ಇದೆ ಎಂದರ್ಥ. ಬಡಗು ಗೋಡೆಯಲ್ಲಿ ಈ ಹನಿ ಎಷ್ಟೋ ಸಲ ಡಿಸೆಂಬರ್‌ವರೆಗೂ ಕಾಣುತ್ತದೆ. ಪಡುವಣ ಮತ್ತು ತೆಂಕು ಗೋಡೆಗೆ ಮೊದಲು ಬಣ್ಣ ಹೊಡೆಸಿ, ಬಡಗಿನದ್ದನ್ನು ಜನವರಿಗೆ ಇಟ್ಟುಕೊಳ್ಳಿ ಎಂದು ಹೇಳುತ್ತೇನೆ. ಈಗೀಗ ಪೇಂಟರ್‌ಗಳೇ ಫೋನ್ ಮಾಡಿ, "ಆ ಗೋಡೆಗೆ ಹಾಳೆ ಅಂಟಿಸಿ ನೋಡಿದ್ದೀರಾ?" ಎಂದು ಕೇಳುತ್ತಾರೆ.