ಗೌಜಲಕ್ಕಿ ಸಾಕುವ ಮುನ್ನ ಗೂಡಿನ ಎತ್ತರ ಅಳೆಯಿರಿ

ಕೋಳಿ ಸಾಕಿ ಗೊತ್ತಿದ್ದವರೇ ಗೌಜಲಕ್ಕಿಯ ವಿಷಯದಲ್ಲಿ ಮೊದಲು ಎಡವುತ್ತಾರೆ. ಮುಷ್ಟಿಯಷ್ಟೇ ಇರುವ ಹಕ್ಕಿ. ಸಣ್ಣ ಕೋಳಿ ತಾನೇ ಅನ್ನಿಸುತ್ತದೆ. ನಾನೂ ಹಾಗೇ ತಿಳಿದು ಮೂರಡಿ ಎತ್ತರದ ಹಳೇ ಕೋಳಿಗೂಡಿಗೆ ಆರು ಹಕ್ಕಿ ಬಿಟ್ಟಿದ್ದೆ. ಎರಡನೇ ರಾತ್ರಿ ಬೆಕ್ಕೊಂದು ಗೂಡಿನ ಮೇಲೆ ಜಿಗಿಯಿತು. ಬೆಳಿಗ್ಗೆ ನೋಡಿದರೆ ಒಂದು ಹೇಂಟೆ ತಲೆಗೆ ಪೆಟ್ಟಾಗಿ ಸತ್ತಿತ್ತು. ಬೆಕ್ಕು ಅದನ್ನು ಮುಟ್ಟಿಯೇ ಇರಲಿಲ್ಲ.

ಕೋಳಿ ಹೆದರಿದರೆ ಕೂಗುತ್ತಾ ಓಡುತ್ತದೆ. ಗೌಜಲಕ್ಕಿ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಹುಲ್ಲಿನ ಬಯಲಲ್ಲಿ ನರಿ, ಮುಂಗುಸಿಯಿಂದ ತಪ್ಪಿಸಿಕೊಳ್ಳಲು ಬಂದ ಗುಣ ಅದು. ಎಷ್ಟು ತಲೆಮಾರು ಮನುಷ್ಯರ ಜೊತೆ ಬದುಕಿದರೂ ಹೋಗಿಲ್ಲ. ಹಾಗಾಗಿ ಗೂಡಿನ ಎತ್ತರ ಒಂದಡಿಯೊಳಗೆ ಇರಲಿ. ಅಷ್ಟರಲ್ಲಿ ಹಕ್ಕಿಗೆ ಚಿಮ್ಮುವ ವೇಗ ಸಿಗುವುದಿಲ್ಲ. ಇಲ್ಲವೇ ಆಳೆತ್ತರ, ಆರಡಿಗಿಂತ ಜಾಸ್ತಿ ಇರಲಿ. ನಡುವಿನ ಎತ್ತರವೇ ಅಪಾಯ. ಚಾವಣಿಯ ಒಳಬದಿಗೆ ಹಳೇ ಸೊಳ್ಳೆಪರದೆಯನ್ನು ಎರಡು ಪದರ ಮಾಡಿ ಸ್ವಲ್ಪ ಸಡಿಲವಾಗಿ ಕಟ್ಟಿ. ತಲೆ ತಾಗಿದರೂ ಪೆಟ್ಟಾಗುವುದಿಲ್ಲ.

ಯಾವ ಹಕ್ಕಿ ತರಬೇಕು?

ಪೇಟೆಯಲ್ಲಿ ಕ್ವೇಲ್ ಅಂತ ಸಿಗುವುದು ಜಪಾನಿ ಗೌಜಲಕ್ಕಿ. ಸಾಕಣೆಗೆಂದು 1974ರಲ್ಲಿ ಅಮೆರಿಕದಿಂದ ಭಾರತಕ್ಕೆ ತಂದ ತಳಿ ಇದು. ಉತ್ತರ ಪ್ರದೇಶದ ಇಜತ್‌ನಗರದಲ್ಲಿರುವ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಇದರಲ್ಲೇ ಹಲವು ತಳಿಗಳನ್ನು ಬೆಳೆಸಿದೆ. ಹೊಲದ ಬದುವಿನಲ್ಲಿ ಸಿಗುವ ನಮ್ಮ ಕಾಡು ಲಾವಕ್ಕಿಗಳನ್ನು ಮಾತ್ರ ಬಲೆ ಹಾಕಿ ಹಿಡಿಯಬೇಡಿ, ಹಿಡಿದವರಿಂದ ಕೊಳ್ಳಲೂಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ತಡೆಯುತ್ತದೆ. ಅಲ್ಲದೆ ಆ ಹಕ್ಕಿ ಗೂಡಿನಲ್ಲಿ ಹೆದರಿಯೇ ಸಾಯುತ್ತದೆ. ಫಾರಂನಿಂದಲೇ ತನ್ನಿ, ರಸೀದಿ ಕೇಳಿ ಪಡೆಯಿರಿ.

ಮೊದಲ ಸಲಕ್ಕೆ ಒಂದು ದಿನದ ಮರಿ ಬೇಡ. ಏಳೆಂಟು ಗ್ರಾಂ ತೂಗುವ ಆ ಮರಿಗೆ ಮೊದಲ ವಾರ 35 ಡಿಗ್ರಿಗೂ ಮೀರಿದ ಕಾವು ಬೇಕು. ಸುಮ್ನೆ ನೀರಿನ ತಟ್ಟೆಯಲ್ಲೇ ಮುಳುಗಿ ಸಾಯುತ್ತದೆ. ಆದ್ದರಿಂದ ನಾಲ್ಕೈದು ವಾರ ತುಂಬಿದವನ್ನು ತನ್ನಿ. ಆಗ ಗಂಡು ಹೆಣ್ಣು ಕೂಡ ಗೊತ್ತಾಗುತ್ತದೆ. ಮಾಮೂಲಿ ಕಂದು ಹಕ್ಕಿಯಲ್ಲಿ ಎದೆ ಇಟ್ಟಿಗೆ ಬಣ್ಣದ್ದಾದರೆ ಗಂಡು. ಬೂದು ಎದೆಯ ಮೇಲೆ ಕಪ್ಪು ಚುಕ್ಕೆ ಇದ್ದರೆ ಹೆಣ್ಣು. ಒಂದು ಹುಂಜಕ್ಕೆ ಮೂರು ನಾಲ್ಕು ಹೇಂಟೆ ಸಾಕು. ಎರಡು ಹುಂಜ ಬಿಟ್ಟರೆ ಒಂದು ಇನ್ನೊಂದರ ತಲೆ ಕುಕ್ಕಿ ರಕ್ತ ಬರಿಸುತ್ತದೆ. ಮೊಟ್ಟೆಯಷ್ಟೇ ಸಾಕು ಅನ್ನುವವರಿಗೆ ಹುಂಜದ ಅಗತ್ಯವೇ ಇಲ್ಲ.

ನೆಲ ಮತ್ತು ಜಾಲರಿ

ಒಂದು ಹಕ್ಕಿಗೆ ಕನಿಷ್ಠ ಒಂದು ಚದರಡಿ ಜಾಗ ಕೊಡಿ. ಫಾರಂಗಳಲ್ಲಿ ಇದಕ್ಕಿಂತ ಬಹಳ ಕಡಿಮೆ ಇರುತ್ತದೆ, ಹಿಕ್ಕೆ ಕೆಳಗೆ ಬೀಳಲಿ ಅಂತ ತಂತಿಯ ನೆಲ ಇರುತ್ತದೆ. ಮನೆಯಲ್ಲಿ ಪ್ರೀತಿಗೆ ಸಾಕುವವರು ಅದನ್ನು ನಕಲು ಮಾಡುವುದು ಬೇಡ. ತಂತಿಯ ಮೇಲೆ ನಿಂತೂ ನಿಂತೂ ಅಂಗಾಲು ಹುಣ್ಣಾಗುತ್ತದೆ. ಹಲಗೆಯ ನೆಲ ಮಾಡಿ, ಎರಡು ಇಂಚು ಭತ್ತದ ಹೊಟ್ಟು ಹರಡಿ. ಒದ್ದೆಯಾದ ಕಡೆ ಅವತ್ತೇ ತೆಗೆಯಿರಿ. ನುಣುಪಾದ ಪೇಪರ್ ಹಾಸಿದರೆ ಮರಿಗಳ ಕಾಲುಗಳು ಜಾರಿ ಎರಡು ಬದಿಗೆ ಚಾಚಿಕೊಂಡುಬಿಡುತ್ತವೆ.

ಜಾಲರಿಯ ಕಣ್ಣು ಅರ್ಧ ಇಂಚು ಮೀರಬಾರದು. ದೊಡ್ಡ ಕಣ್ಣಿನ ಕೋಳಿ ಜಾಲರಿಯಲ್ಲಿ ಇಲಿ ನುಗ್ಗುತ್ತದೆ, ಹಕ್ಕಿಯೂ ತಲೆ ಹೊರಗೆ ಹಾಕುತ್ತದೆ. ಗೂಡಿಗೆ ಕಾಲು ಕೊಟ್ಟು ನೆಲದಿಂದ ಎರಡು ಮೂರಡಿ ಮೇಲಿಡಿ.

ಒಳಗೊಂದು ಅಗಲವಾದ ಟ್ರೇಯಲ್ಲಿ ಒಣ ಮರಳಿಗೆ ಸ್ವಲ್ಪ ಸೌದೆ ಒಲೆಯ ಬೂದಿ ಬೆರೆಸಿಡಿ. ಅದರಲ್ಲಿ ಮಗ್ಗುಲಾಗಿ ಬಿದ್ದು, ಕಾಲು ಚಾಚಿ, ಪುಕ್ಕಕ್ಕೆಲ್ಲ ಮಣ್ಣು ಎರಚಿಕೊಂಡು ಹೊರಳಾಡುತ್ತವೆ. ಮೊದಲ ಸಲ ನೋಡಿದಾಗ ಯಾವುದೋ ಕಾಯಿಲೆ ಅಂತ ಗಾಬರಿಯಾಗಿತ್ತು. ಅದು ಅವುಗಳ ಸ್ನಾನ. ಹೇನು ಹತ್ತದಂತೆ ತಡೆಯುವುದು ಇದೇ. ಬಚ್ಚಿಟ್ಟುಕೊಳ್ಳಲು ಒಂದು ಮಗುಚಿದ ಬುಟ್ಟಿಯೋ, ಹುಲ್ಲಿನ ಕಂತೆಯೋ ಇರಲಿ. ಗೌಜಲಕ್ಕಿ ಕೊಂಬೆಯ ಮೇಲೆ ಕೂರುವ ಹಕ್ಕಿಯಲ್ಲ, ಅಡ್ಡಕೋಲು ಬೇಕಿಲ್ಲ.

ಮೇವು, ನೀರು, ಬೆಳಕು

ಬರೀ ರಾಗಿ, ನುಚ್ಚು ಹಾಕಿದರೆ ಸಾಲದು. ಬೆಳೆಯುವ ಮರಿಗಳ ಮೇವಿನಲ್ಲಿ ನೂರಕ್ಕೆ 24ರಷ್ಟಾದರೂ ಪ್ರೋಟೀನ್ ಇರಬೇಕು. ಮೊಟ್ಟೆ ಇಡುವವಕ್ಕೆ 20ರಷ್ಟು. ಮೊಟ್ಟೆ ಕೋಳಿಗೆ ಹಾಕುವ ಲೇಯರ್ ಫೀಡ್‌ನಲ್ಲಿ ಸಾಮಾನ್ಯವಾಗಿ 16ರಿಂದ 18 ಇರುತ್ತದೆ. ಕ್ವೇಲ್ ಫೀಡ್ ಸಿಗದಿದ್ದರೆ ಮಾಂಸದ ಕೋಳಿಯ ಮರಿಗೆ ಹಾಕುವ ಬ್ರಾಯ್ಲರ್ ಸ್ಟಾರ್ಟರ್ ಮೇವು ತಂದು, ಗುಳಿಗೆ ದಪ್ಪವಿದ್ದರೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಕೊಡಿ. ದೊಡ್ಡ ಹಕ್ಕಿ ದಿನಕ್ಕೆ 25ರಿಂದ 30 ಗ್ರಾಂ ತಿನ್ನುತ್ತದೆ. ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿಡಿ. ಬೇಕಾದಷ್ಟನ್ನು ಹೇಂಟೆಯೇ ಹೆಕ್ಕಿಕೊಳ್ಳುತ್ತದೆ. ಸಣ್ಣಗೆ ಹೆಚ್ಚಿದ ಸೊಪ್ಪು ಒಂದಿಷ್ಟು ಕೊಡಬಹುದು.

ನೀರಿನ ತಟ್ಟೆ ಆಳವಿರಬಾರದು. ಬೆಣಚುಕಲ್ಲು ಹಾಕಿಟ್ಟರೆ ಇನ್ನೂ ಒಳ್ಳೆಯದು.

ಹೇಂಟೆ ಆರೇಳು ವಾರಕ್ಕೇ ಹತ್ತು ಗ್ರಾಂ ತೂಕದ ಚುಕ್ಕೆ ಮೊಟ್ಟೆ ಇಡಲು ಶುರುಮಾಡುತ್ತದೆ. ದಿನಕ್ಕೆ 14 ಗಂಟೆ ಬೆಳಕು ಸಿಕ್ಕರೆ ಸರಿಯಾಗಿ ಇಡುತ್ತದೆ. ಚಳಿಗಾಲದಲ್ಲಿ ಮೊಟ್ಟೆ ನಿಂತರೆ ದೀಪ ಹಾಕಿ ಬಲವಂತ ಮಾಡುವುದು ನನಗಂತೂ ಇಷ್ಟವಿಲ್ಲ. ಎರಡು ಮೂರು ವರ್ಷದ ಆಯಸ್ಸು ಅದರದು, ಸ್ವಲ್ಪ ಸುಧಾರಿಸಿಕೊಳ್ಳಲಿ. ಕಾವಿಗೆ ಕೂರುವ ಗುಣವನ್ನು ಈ ಹಕ್ಕಿ ಹೆಚ್ಚುಕಡಿಮೆ ಮರೆತೇಬಿಟ್ಟಿದೆ. ಮರಿ ಬೇಕಿದ್ದರೆ ಇನ್‌ಕ್ಯುಬೇಟರ್‌ನಲ್ಲಿ 17–18 ದಿನ ಇಡಬೇಕು.

ಬೇಸಿಗೆಯಲ್ಲಿ ಬಾಯಿ ತೆರೆದು ಏದುಸಿರು ಬಿಟ್ಟರೆ ಬಿಸಿಲು ಬೀಳುವ ಬದಿಗೆ ಒದ್ದೆ ಗೋಣಿಚೀಲ ಇಳಿಬಿಡಿ. ಗಾಳಿ ಮುಚ್ಚಬೇಡಿ. ಪುಕ್ಕ ಉಬ್ಬಿಸಿಕೊಂಡು ಮೂಲೆಗೆ ಕೂತ ಹಕ್ಕಿಯನ್ನು ಅವತ್ತೇ ಬೇರೆ ಮಾಡಿ ಪಶುವೈದ್ಯರಿಗೆ ತೋರಿಸಿ. ನಾಳೆ ನೋಡೋಣ ಅಂದರೆ ಇಷ್ಟು ಸಣ್ಣ ಹಕ್ಕಿ ಉಳಿಯುವುದಿಲ್ಲ. ಕೋಳಿಗಳ ಜೊತೆ ಮಾತ್ರ ಒಂದೇ ಗೂಡಿನಲ್ಲಿ ಬಿಡಬೇಡಿ. ಕೋಳಿಯ ರೋಗ ಇವಕ್ಕೆ ಅಂಟುತ್ತದೆ, ಕೋಳಿಯ ಕೊಕ್ಕಿನ ಏಟೂ ತಡೆಯದು.

ಇನ್ನೊಂದು ಮಾತು. ಗೂಡಿನ ಬಾಗಿಲು ಪಕ್ಕಕ್ಕಿರಲಿ. ಮೇಲಿನಿಂದ ಕೈ ಇಳಿದರೆ ಅವಕ್ಕೆ ಹದ್ದು ಎರಗಿದಂತೆ. ದಿನಾ ಒಂದೇ ಹೊತ್ತಿಗೆ ಪಕ್ಕದಿಂದ ಅಂಗೈ ಚಾಚಿ, ನಾಲ್ಕು ಗೆದ್ದಲುಹುಳ ಇಟ್ಟುಕೊಂಡು ಅಲುಗಾಡದೆ ಕೂತುಕೊಳ್ಳಿ. ಮೂರನೇ ವಾರಕ್ಕೆ ನನ್ನ ಉಳಿದ ಐದು ಹಕ್ಕಿಗಳಲ್ಲಿ ಎರಡು ಕೈಗೆ ಬಂದವು. ಒಂದು ಇನ್ನೂ ಬುಟ್ಟಿಯ ಹಿಂದಿನಿಂದಲೇ ನೋಡುತ್ತದೆ, ನಾನು ಅದಕ್ಕೆ ಅಲ್ಲೇ ಹುಳ ಇಟ್ಟು ಬರುತ್ತೇನೆ.