ಎನ್‌ಬಿಎ ಡ್ರಾಫ್ಟ್ ಸೆಕೆಂಡ್ ರೌಂಡಲ್ಲಿ ಹುಡುಗರನ್ನ ಆರ್ಸೋದು ಹೇಗೆ

ಡ್ರಾಫ್ಟ್ ಅಂದ್ರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಟೀಮ್‌ಗಳು ಹೊಸ ಹುಡುಗರನ್ನ ಸರದಿ ಮೇಲೆ ಆರ್ಸೋದು, ಒಂದೊಂದು ಆಯ್ಕೆನೂ ಒಂದು ಪಿಕ್ಕು, 30 ಆದ್ಮೇಲೆ ಸೆಕೆಂಡ್ ರೌಂಡು. ಮೊದ್ಲೇ ಹೇಳ್ಬಿಡ್ತೀನಿ, 30ನೇ ಪಿಕ್ ದಾಟಿದ್ಮೇಲೆ ಸಿಗೋರಲ್ಲಿ ಜಾಸ್ತಿ ಜನ ಲೀಗಲ್ಲಿ ನಿಲ್ಲಲ್ಲ, ಅದಕ್ಕೆ ಎಲ್ಲಾ ಬರೋ ಹುಡುಗನ್ನ ಹುಡುಕ್ತಾ ಕೂರ್ಬೇಡಿ, ಒಂದೇ ಒಂದು ವಿಷ್ಯದಲ್ಲಿ ಪಕ್ಕಾ ಇರೋನ್ನ ಹಿಡೀರಿ.

ಶೂಟರ್ ಬೇಕಾ? ದೂರದಿಂದ ಹಾಕೋ ತ್ರೀ ಪಾಯಿಂಟ್ ಶಾಟ್‌ಗಳ ಪರ್ಸೆಂಟೇಜ್ ಒಂದನ್ನೇ ನಂಬ್ಬೇಡಿ, ಕಾಲೇಜ್ ಸೀಸನ್ ಅಂದ್ರೆ ಮೂವತ್ತು ಚಿಲ್ರೆ ಮ್ಯಾಚು ಅಷ್ಟೇ. ಫೌಲ್ ಆದಾಗ ಸಿಗೋ ಫ್ರೀ ಥ್ರೋನೂ ನೋಡಿ, ಕೈ ಹೇಗಿದೆ ಅಂತ ಅಲ್ಲಿ ಗೊತ್ತಾಗತ್ತೆ.

19ರವನೂ 22ರವನೂ ಒಂದೇ ಥರ ಆಡ್ತಿದ್ರೆ ಚಿಕ್ಕವನೇ ಮೇಲು, ಆದ್ರೆ ಮೂರ್ನಾಲ್ಕು ವರ್ಷ ಕಾಲೇಜಲ್ಲಿ ಪಳಗಿದೋರನ್ನ ಸೈಡಿಗೆ ತಳ್ಬೇಡಿ ಮತ್ತೆ. ಡ್ರೇಮಂಡ್ ಗ್ರೀನ್ 2012ರಲ್ಲಿ 35ನೇ ಪಿಕ್ಕು, ಜೇಲನ್ ಬ್ರನ್ಸನ್ 2018ರಲ್ಲಿ 33ನೇದು, ಇಬ್ರೂ ಹಂಗೇ ಬಂದು ಸ್ಟಾರ್ ಆದೋರು.

ಟೀಮಲ್ಲಿ ಜಾಗ ಇಲ್ವಾ, ಯೂರೋಪಲ್ಲಿ ಆಡೋ ಹುಡುಗನ್ನ ತಗೊಂಡು ಅಲ್ಲೇ ಆಡೋಕ್ ಬಿಡಿ. ಆಮೇಲೆ ಸ್ಟಾರ್ ಆದ ನಿಕೋಲಾ ಯೋಕಿಚ್‌ನ ಡೆನ್ವರ್ ಟೀಮು 2014ರಲ್ಲಿ 41ನೇ ಪಿಕ್ಕಲ್ಲಿ ತಗೊಂಡು ಇನ್ನೊಂದ್ ವರ್ಷ ಸರ್ಬಿಯಾದಲ್ಲೇ ಬಿಟ್ಟಿತ್ತು, ಮನು ಜಿನೋಬಿಲಿ ಅಂತೂ 1999ರ 57ನೇ ಪಿಕ್ಕು, ತಗೊಂಡ ಸ್ಪರ್ಸ್ ಟೀಮ್‌ಗೆ ಬಂದಿದ್ದು 2002ರಲ್ಲಿ!

ಬರೀ ಎತ್ತರಕ್ಕೆ ಮಾತ್ರ ಮರುಳಾಗ್ಬೇಡಿ. ನಮ್ಮ ಸತ್ನಾಮ್ ಸಿಂಗ್ ಏಳಡಿ ಮೇಲಿದ್ದ, 2015ರಲ್ಲಿ ಡಲ್ಲಾಸ್ 52ನೇ ಪಿಕ್ಕಲ್ಲಿ ತಗೊಂಡಾಗ ಎಷ್ಟ್ ಖುಷಿ ಆಗಿತ್ತು ನಮ್ಗೆ, ಆದ್ರೆ ಎನ್‌ಬಿಎ ಸೀಸನ್ ಮ್ಯಾಚ್ ಒಂದೂ ಆಡ್ಲಿಲ್ಲ ಪಾಪ.

ಇನ್ನೂ ಡೌಟಿದ್ರೆ ಟೂ-ವೇ ಕಾಂಟ್ರಾಕ್ಟ್ (ಎನ್‌ಬಿಎ ಟೀಮಲ್ಲೂ ಅದ್ರ ಕೆಳಗಿನ ಜಿ ಲೀಗಲ್ಲೂ ಆಡ್ಸೋ ಕರಾರು) ಕೊಟ್ಟು ಜಿ ಲೀಗಲ್ಲಿ ಆಡ್ಸಿ ನೋಡಿ.